ಗೂಟದ ದನಿ ಕೇಳುತ್ತಿದ್ದವನು

ಶಾಮಿಯಾನದವನ ಹನ್ನೊಂದನೇ ದಿನದ ಊಟಕ್ಕೆ ಹಾಕಿದ್ದ ಶಾಮಿಯಾನಕ್ಕೆ ಒಂದು ಗೂಟವೂ ಇರಲಿಲ್ಲ. ಸೊರಬದಲ್ಲಿ ಅವನ ಮನೆಯ ಮುಂದಿನ ರಸ್ತೆಗೆ ಈಚೆಗೆ ಕಾಂಕ್ರೀಟು ಹಾಕಿದ್ದಾರೆ. ಕಬ್ಬಿಣದ ಚೌಕಟ್ಟು ತಂದು ನಿಲ್ಲಿಸಿ, ನಾಲ್ಕು ಮೂಲೆಗೆ ಸಿಮೆಂಟು ತುಂಬಿದ ಬಣ್ಣದ ಡಬ್ಬಿ ಇಟ್ಟು, ಮೇಲೆ ಬಿಳಿ ಬಟ್ಟೆ ಎಳೆದು ಹೋಗಿದ್ದರು. ಅರ್ಧ ಗಂಟೆಯ ಕೆಲಸ. ನಾನು ಎಲೆಯ ಮುಂದೆ ಕೂತು ಆ ಡಬ್ಬಿಗಳನ್ನೇ ನೋಡುತ್ತಿದ್ದೆ. ಅವನು ಇದ್ದಿದ್ದರೆ ಅದರಲ್ಲೊಂದನ್ನು ಕಾಲಿನಿಂದ ತಳ್ಳಿ ನೋಡುತ್ತಿದ್ದ. ಅವನಿಲ್ಲವಲ್ಲ ಎಂದು ನಾನೇ ಎದ್ದು ಹೋಗಿ ತಳ್ಳಿದೆ. ಡಬ್ಬಿ ಜಾರಿತು, ಮೇಲಿನ ಬಟ್ಟೆ ಅಲುಗಾಡಿತು. ಪಾಯಸ ಬಡಿಸುತ್ತಿದ್ದವನು ತಲೆಯೆತ್ತಿ ನೋಡಿ, “ಯಾಕ್ರೀ ಯಜಮಾನ್ರೆ, ಸತ್ತೋರ ಮನೇಲೂ ನಿಮ್ಮ ಕೀಟಲೆ ತಪ್ಪಲ್ವಾ?” ಅಂದ.

ಅವನದೇನೂ ತಪ್ಪಿಲ್ಲ. ಎರಡು ತಾಲ್ಲೂಕಿನಲ್ಲೂ ನಾನು ಹೆಸರು ಮಾಡಿರುವುದು ಅದರಲ್ಲೇ.

ನಾನು ಶಿಕಾರಿಪುರದವನು. ನಲವತ್ತು ವರ್ಷ ಮೈಕ್‌ಸೆಟ್ ಇಟ್ಟಿದ್ದೆ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಓಟಿನ ಸಭೆ, ಎಲ್ಲೆಲ್ಲಿ ಮರಕ್ಕೆ ಮೈಕಿನ ಹಾರನ್ನು ಕಟ್ಟಬಹುದೋ ಅಲ್ಲೆಲ್ಲ ಕಟ್ಟಿದ್ದೇನೆ. ಅಂಜನಾಪುರದಲ್ಲಿ ನಾನು ಮೈಕ್ ಹಿಡಿದು “ಹಲೋ” ಅಂದರೆ ಡ್ಯಾಮಿನ ಆಚೆ ದಡದ ಎಮ್ಮೆ ತಿರುಗಿ ನೋಡುತ್ತಿತ್ತು. ಇದರಲ್ಲಿ ಸುಳ್ಳು ಅರ್ಧ ಮಾತ್ರ. ಮದುವೆ ಗಂಡಿನ ಚಪ್ಪಲಿ ಅಡಗಿಸಿಟ್ಟು ಅದನ್ನು ಹಾರನ್ನಿನಲ್ಲಿ ಹರಾಜು ಕೂಗಿದವನು ನಾನು. ಬೀಗರ ಕಡೆಯ ದೊಡ್ಡ ಮೀಸೆಯವರೊಬ್ಬರು ಐದನೇ ಹೋಳಿಗೆ ಹಾಕಿಸಿಕೊಂಡಾಗ ಇಡೀ ಊರಿಗೆ ಕೇಳುವಂತೆ ಅವರಿಗೆ ಅಭಿನಂದನೆ ಸಲ್ಲಿಸಿದವನೂ ನಾನೇ. ಹೊಡೆಯಲು ಬಂದವರು ಅರ್ಧ ದಾರಿಯಲ್ಲಿ ನಕ್ಕುಬಿಡುತ್ತಿದ್ದರು. ನಗಿಸಿದರೆ ಮುಗಿಯಿತು, ಯಾವುದಕ್ಕೂ ಲೆಕ್ಕ ಕೊಡಬೇಕಾಗಿಲ್ಲ ಎಂದು ಅರುವತ್ತು ದಾಟುವವರೆಗೂ ನಂಬಿದ್ದೆ.

ಶಾಮಿಯಾನದವನ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿಸಿಕೊಳ್ಳುವುದು ಅವನಿಗೆ ಸೇರುತ್ತಿರಲಿಲ್ಲ. ಸಮಾರಂಭದ ಕೊನೆಗೆ “ಶಾಮಿಯಾನದ ಸೇವೆ ಒದಗಿಸಿದ” ಅಂತ ನಾನು ಶುರುಮಾಡಿದರೆ ಸಾಕು, ಎಲ್ಲಿದ್ದರೂ ಬಂದು ಮೈಕಿನ ಸ್ವಿಚ್ಚು ಆರಿಸುತ್ತಿದ್ದ. ಅವನ ಬಲಗೈ ಕೆಟ್ಟದ್ದು ನನ್ನ ಒಂದು ಕೀಟಲೆಯಿಂದ. ಅದಾದ ಮೇಲೂ ಅವನ ಲೆಕ್ಕದಲ್ಲಿ ನಾನು ಗೆಳೆಯನಾಗಿ ಉಳಿದೆನೋ ಇಲ್ಲವೋ ಎಂಬುದೊಂದೇ ಕೊನೆಯ ಎರಡು ವರ್ಷ ನನ್ನನ್ನು ಕಾಡಿದ ವಿಷಯ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನನಗೂ ಬರೆಯುವುದು ಸುಲಭ.

ನಾನು ಅವನನ್ನು ಮೊದಲು ನೋಡಿದ್ದು ಬಳ್ಳಿಗಾವಿಯ ಶಾಲೆಯ ಬಯಲಿನಲ್ಲಿ. ನಾನು ತಂತಿ ಎಳೆದು ಹಾರನ್ನು ಪರೀಕ್ಷೆ ಮಾಡುತ್ತಿದ್ದೆ. ಬಯಲಿನ ಮೂಲೆಯಲ್ಲಿ ಒಬ್ಬ ಕರಿಯ, ಗಿಡ್ಡ ಆಸಾಮಿ ಮಂಡಿಯೂರಿ, ಕಿವಿಯನ್ನು ಗೂಟದ ಹತ್ತಿರ ತಂದು, ಒಂದೊಂದೇ ಏಟು ಹಾಕುತ್ತಿದ್ದ. ಹಾಕುವುದು, ಕೇಳುವುದು, ಮತ್ತೆ ಹಾಕುವುದು. ಇಂಥ ಅವಕಾಶ ಬಿಡುವವನು ನಾನಲ್ಲ. “ಭೂಮಿತಾಯಿಗೆ ಮುತ್ತು ಕೊಡ್ತಿರೋ ಶಾಮಿಯಾನದೋರು ದಯವಿಟ್ಟು ಬೇಗ ಮುಗಸ್ಬೇಕು, ಮುಖ್ಯ ಅತಿಥಿಗಳು ಬರೋ ಹೊತ್ತಾತು,” ಎಂದು ಮೈಕಿನಲ್ಲಿ ಹೇಳಿದೆ. ಮಕ್ಕಳು, ಮೇಷ್ಟ್ರುಗಳು ಎಲ್ಲ ನಕ್ಕರು. ಅವನು ತಲೆ ಎತ್ತಲಿಲ್ಲ. ಆ ಸಾಲಿನ ಗೂಟ ಮುಗಿಸಿ, ಕೈ ಒರೆಸಿಕೊಂಡು ನನ್ನ ಹತ್ತಿರ ಬಂದ.

“ನಿನ್ನ ಎಡಗಡೆ ಹಾರನ್ನು ಬಿರುಕು ಬಿಟ್ಟೈತೆ ಮಾರಾಯ. ಕೇಳ್ಸಲ್ವ?” ಅಂದ.

“ಹೊಸಾದಪ್ಪ ಅದು. ಹೋದ ತಿಂಗಳು ತಂದಿದ್ದು,” ಅಂದೆ.

“ಹೊಸಾದೇ ಇರ್ಬೋದು. ಒಡಕು ದನಿ ಬರ್ತೈತೆ,” ಎಂದು ಹೇಳಿ ಹೋದ.

ಸಂಜೆ ಬಿಚ್ಚಿ ನೋಡಿದರೆ ಒಳಗಿನ ಪರದೆ ಕೂದಲೆಳೆಯಷ್ಟು ಸೀಳಿತ್ತು. ದನಿಯಿಂದಲೇ ಹೊಟ್ಟೆ ಹೊರೆಯುವ ನನಗೆ ಕೇಳಿಸದ್ದು ಬಟ್ಟೆ ಕಟ್ಟುವವನಿಗೆ ಕೇಳಿಸಿತ್ತು. ನನಗೆ ಅವಮಾನವಾಯಿತು. ಆ ಸಿಟ್ಟಿಗೇ ಅವನನ್ನು ಬಿಡದೆ ಹಿಂಬಾಲಿಸಿದೆ. ನಮ್ಮ ಗೆಳೆತನ ಶುರುವಾದದ್ದು ಹೀಗೆ.

ಅವನ ಸಾಮಾನುಗಳಲ್ಲಿ ಎರಡನ್ನು ಮಾತ್ರ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಒಂದು ಗೂಟ ಹೊಡೆಯುವ ಮರದ ಕೊಡತಿ. ಹುಣಸೆಮರದ ಗಟ್ಟಿ ತಿರುಳಿನಲ್ಲಿ ಮಾಡಿದ ತಲೆ, ಅದರ ಎರಡೂ ಬಾಯಿಗೆ ಗಾಡಿ ಚಕ್ರದ ಗುಂಬಕ್ಕೆ ಹಾಕುವಂಥ ಕಬ್ಬಿಣದ ಬಳೆ. ಎಲ್ಲರೂ ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆಯುತ್ತಾರೆ, ನಿನ್ನದೇನು ಇದು ಪುರಾಣಕಾಲದ್ದು ಅಂತ ನಾನು ಕೆಣಕಿದರೆ, “ಸುತ್ತಿಗೆ ತಾನೇ ಕೂಗ್ತದೆ. ಗೂಟದ ದನಿ ಕೇಳಕ್ಕೆ ಬಿಡಲ್ಲ,” ಅನ್ನುತ್ತಿದ್ದ. ಗೂಟ ಒಳಗೆ ಹೋದಂತೆ ಅದರ ದನಿ ಸಣ್ಣಗಾಗುತ್ತಾ ಬರುತ್ತದಂತೆ. ಒಂದು ಕಡೆ ಬಂದು ನಿಲ್ಲುತ್ತದಂತೆ. ಅಲ್ಲಿಗೆ ನಿಲ್ಲಿಸಬೇಕು. ಅದರ ಮೇಲೆ ಇನ್ನೊಂದು ಏಟು ಹಾಕಿದರೂ ನೆಲ ಸಡಿಲವಾಗುತ್ತದೆ, ಹಗ್ಗ ಸುಳ್ಳು ಹೇಳಲು ಶುರುಮಾಡುತ್ತದೆ. ಇದು ಅವನ ಮಾತು.

ಇನ್ನೊಂದು ಗೂಟ ಕೀಳುವ ಕೊಕ್ಕೆ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಶಿರಾಳಕೊಪ್ಪದ ಕುಲುಮೆಯಲ್ಲಿ ಮಾಡಿಸಿದ್ದು. ಒಂದು ಮೊಳದ ಸರಳು, ತುದಿ ಹದ್ದಿನ ಕೊಕ್ಕಿನ ಹಾಗೆ ಬಾಗಿತ್ತು. ಮೇಲೆ ಎರಡು ಕೈಯಲ್ಲೂ ಹಿಡಿಯಲು ಅಡ್ಡ ಹಿಡಿಕೆ. ಗೂಟದ ಕತ್ತಿಗೆ ಕೊಕ್ಕೆ ಸಿಗಿಸಿ ಎಳೆಯುವುದಷ್ಟೇ ಅಲ್ಲವೇ ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಅವನು ಮೊದಲು ಕೊಡತಿಯಿಂದ ಗೂಟಕ್ಕೆ ನಾಲ್ಕು ದಿಕ್ಕಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಆಮೇಲೆ ಕೊಕ್ಕೆ ಹಾಕಿ ಅರ್ಧ ಸುತ್ತು ತಿರುಗಿಸುತ್ತಿದ್ದ. ಆಮೇಲೆ ಸೊಂಟ ಬಗ್ಗಿಸದೆ, ಕಾಲಿನ ಬಲದಿಂದ ಎದ್ದು ನಿಲ್ಲುತ್ತಿದ್ದ. ಅವನು ಎದ್ದು ನಿಲ್ಲುವಷ್ಟರಲ್ಲಿ ಗೂಟವೂ ಎದ್ದಿರುತ್ತಿತ್ತು.

“ಹಲ್ಲು ಕಿತ್ತಂಗೆ ಕೀಳಬಾರ್ದು. ಮಲಗಿರೋ ಎಮ್ಮೆ ಎಬ್ಬಿಸ್ದಂಗೆ ಎಬ್ಬಿಸ್ಬೇಕು. ಮೊದ್ಲು ಬೆನ್ನು ತಟ್ಟು, ಆಮೇಲೆ ಹಗ್ಗ ಜಗ್ಗು,” ಅನ್ನುತ್ತಿದ್ದ.

ಕಿತ್ತ ಮೇಲೆ ಆ ತೂತಿಗೆ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯುತ್ತಿದ್ದ. ಎಷ್ಟೇ ಅವಸರವಿದ್ದರೂ ಒಂದು ತೂತನ್ನೂ ಬಿಡುತ್ತಿರಲಿಲ್ಲ. ದನದ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಕಾರಣ ಕೊಡುತ್ತಿದ್ದ. ಪೇಟೆಯ ಒಳಗೆ, ದನವೇ ಬರದ ಜಾಗದಲ್ಲೂ ತುಂಬುತ್ತಿದ್ದ. ಅದಕ್ಕೆ ಕಾರಣ ಕೇಳಿದರೆ, “ನೆಲ ಅವ್ರದ್ದು,” ಅನ್ನುತ್ತಿದ್ದ.

ಶಾಮಿಯಾನ ಬೇಕು ಅಂತ ಯಾರಾದರೂ ಬಂದರೆ ಎಷ್ಟು ಜನ, ಯಾವ ದಿನ ಅಂತ ಕೇಳುವ ಮೊದಲು, “ನೆಲ ಯಾವ್ದ್ರೀ?” ಅಂತ ಕೇಳುತ್ತಿದ್ದ. ಸೊರಬದ ಕಡೆಯ ಜಂಬಿಟ್ಟಿಗೆಯೋ, ಶಿಕಾರಿಪುರದ ಕಡೆಯ ಎರೆಯೋ, ಗದ್ದೆಯೋ, ಗೋಮಾಳವೋ. ಅದಕ್ಕೆ ತಕ್ಕ ಗೂಟ ಬೇರೆ ಬೇರೆ. ಒಬ್ಬ ಹೆಣ್ಣಿನ ತಂದೆ ಸಿಟ್ಟಾಗಿ, “ನಿಂಗೆ ಹೆಣ್ಣು ಕೊಡ್ತಿಲ್ಲ ಕಣಯ್ಯ, ನೆಲ ನೋಡಕ್ಕೆ,” ಅಂದಿದ್ದರು. ಅವನು ಅದಕ್ಕೂ ತಲೆದೂಗಿ, ಹಿಂದಿನ ದಿನವೇ ಹೋಗಿ ಕೊಡತಿಯ ಹಿಂಬದಿಯಿಂದ ನೆಲ ಕುಟ್ಟಿ ನೋಡಿ ಬಂದ.

ಬಳ್ಳಿಗಾವಿಯಲ್ಲಿ ಅವನ ಕಷ್ಟ ನೋಡಬೇಕಿತ್ತು. ಅಲ್ಲಿ ಎಲ್ಲಿ ಗೂಟ ಇಳಿಸಿದರೂ ಕೆಳಗೊಂದು ಹಳೆಯ ಕಲ್ಲು. ಕೆಳಗೆ ಕಲ್ಲಿದೆ ಎಂದು ಎರಡನೇ ಏಟಿಗೇ ಅವನಿಗೆ ಗೊತ್ತಾಗುತ್ತಿತ್ತು. ತಕ್ಷಣ ಕಿತ್ತು, ಅರ್ಧ ಮಾರು ಆಚೆ ಹಾಕುತ್ತಿದ್ದ. ಒಂದು ಸಾಲು ಸರಿದರೆ ಇಡೀ ಚಪ್ಪರ ಸೊಟ್ಟ. ಒಂದು ಸಲ ಸಮಾರಂಭದ ಯಜಮಾನರೊಬ್ಬರು ಕೂಗಾಡಿದರು.

“ಎರಡು ಏಟು ಜೋರಾಗಿ ಹಾಕಯ್ಯ, ಕಲ್ಲು ಒಡೀಲಿ. ವೇದಿಕೆ ಒಂದ್ಕಡೆ, ಚಪ್ಪರ ಒಂದ್ಕಡೆ ಆಗೈತಿ.”

“ಕಲ್ಲು ನಿಮ್ಮ ಫಂಕ್ಷನ್‌ಗಿಂತ ಮೊದ್ಲು ಬಂದೈತೆ ಸ್ವಾಮಿ. ವೇದಿಕೆ ಸರಿಸಿ,” ಅಂದ ಇವನು. ವೇದಿಕೆ ಸರಿಯಿತು.

ಇದು ನನ್ನ ತಲೆಗೆ ಹುಳ ಬಿಟ್ಟಿತು. ಮುಂದಿನ ಸಲ ಅಲ್ಲೇ ಒಂದು ಕಾರ್ಯಕ್ರಮ ಇದ್ದಾಗ, ಬೆಳಗ್ಗೆ ಅವನಿಗಿಂತ ಮೊದಲು ಹೋಗಿ, ಅವನು ಮೂಲೆ ಗೂಟ ಹಾಕುವ ಜಾಗದಲ್ಲಿ ನಮ್ಮ ಹಿತ್ತಲಲ್ಲಿ ಬಿದ್ದಿದ್ದ ರುಬ್ಬುಗುಂಡನ್ನು ಹೂತು, ಮಣ್ಣು ಮುಚ್ಚಿ, ಮೇಲೆ ಹುಲ್ಲು ಉದುರಿಸಿದೆ. ಮನೆಗೆ ಗ್ರೈಂಡರು ಬಂದ ಮೇಲೆ ಆ ಗುಂಡು ಅನಾಥವಾಗಿತ್ತು. ಅವನು ಬಂದ, ಹೊಡೆದ, ನಿಂತ. ಗೂಟ ಸರಿಸಿದ. ಅಲ್ಲೂ ನಾನು ಬಿಡಲಿಲ್ಲ. “ಏನೋ ಕೆತ್ತನೆ ಇರ್ಬೇಕು ಕಣಪಾ, ಅಗೆದು ನೋಡು, ಪೇಪರ್ನಾಗ ಬರ್ತೈತಿ,” ಅಂದೆ. ಅವನು ಕೈಯಿಂದ ಮಣ್ಣು ಸರಿಸಿದ. ಗುಂಡು ಹೊರಗೆ ತೆಗೆದು, ತಿರುಗಿಸಿ ನೋಡಿ, ನನ್ನ ಮುಖ ನೋಡಿ, ತನ್ನ ಚೀಲಕ್ಕೆ ಹಾಕಿಕೊಂಡ. ಎರಡು ದಿನ ಬಿಟ್ಟು ಶಿರಾಳಕೊಪ್ಪದ ಚಹಾದಂಗಡಿಯಲ್ಲಿ ಸಿಕ್ಕಾಗ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ದೋಸೆ ನನ್ನ ಮುಂದೆ ಇಟ್ಟ.

“ತಿನ್ನು. ಬಳ್ಳಿಗಾವಿ ಕೆತ್ತನೇದು. ನಮ್ಮನೆ ಒರಳಿಗೆ ಸರಿಯಾಗಿ ಕೂತೈತೆ,” ಅಂದ.

ಎರಡು ತಾಲ್ಲೂಕಿನಲ್ಲಿ ನನಗೆ ತಿರುಗಿಸಿ ಕೊಟ್ಟವನು ಅವನೊಬ್ಬನೇ. ಗುಂಡನ್ನು ವಾಪಸ್ಸು ಕೇಳಿದ್ದಕ್ಕೆ, ದೋಸೆ ತಿಂದ ಮೇಲೆ ಎಂತ ವಾಪಸ್ಸು ಅಂದ.

ಈಗ ಆ ದಿನದ ವಿಷಯ.

ಅಂಜನಾಪುರದ ಹತ್ತಿರ, ನಾಲೆಯ ಪಕ್ಕದ ಹೊಲದಲ್ಲಿ ಒಂದು ಮದುವೆ. ಆರು ವರ್ಷದ ಹಿಂದಿನ ಮಾತು. ಊಟ ಮುಗಿದು ಮಧ್ಯಾಹ್ನ ಮೂರು ಗಂಟೆ. ಅವನು ಊಟಕ್ಕೆ ಕೂತಿದ್ದ. ನಾನು ನನ್ನ ಸಾಮಾನು ವ್ಯಾನಿಗೆ ತುಂಬುತ್ತಿದ್ದೆ, ನನಗೆ ಸಂಜೆ ಪೇಟೆಯಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು. ಅವನ ಗೋಣಿಚೀಲದ ಮೇಲೆ ಕೊಕ್ಕೆ ಕಂಡಿತು. ಕೈ ಸುಮ್ಮನಿರಲಿಲ್ಲ. ಅದನ್ನೆತ್ತಿ ಹಾರನ್ನಿನ ಬಾಯೊಳಗೆ ತುರುಕಿ, ಬಟ್ಟೆ ಸುತ್ತಿ, ವ್ಯಾನಿಗೇರಿಸಿ ಹೊರಟೆ. ಹುಡುಕುತ್ತಾನೆ, ಬೈಯುತ್ತಾನೆ, ಪೇಟೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾನೆ, ನಾನು ಹಾರನ್ನಿನಲ್ಲಿ “ಕೊಕ್ಕೆ ಕಳಕೊಂಡವರು ವೇದಿಕೆ ಹತ್ತಿರ ಬರಬೇಕು” ಎಂದು ಕೂಗುತ್ತೇನೆ ಎಂದು ದಾರಿಯುದ್ದಕ್ಕೂ ನಗುತ್ತಾ ಹೋದೆ.

ಅವನು ಬರಲಿಲ್ಲ. ನಾನು ಹೊರಟ ಹಿಂದೆಯೇ ಅಂಜನಾಪುರದ ಕಡೆ ಮೋಡ ಕಟ್ಟಿತ್ತಂತೆ. ಶಾಮಿಯಾನದ ಬಟ್ಟೆ ಹೊಸದು, ನೆನೆದರೆ ಬಣ್ಣ ಬಿಡುತ್ತದೆ. ಕಾಯುವ ಹಾಗಿರಲಿಲ್ಲ. ಆಳುಗಳು ಬಟ್ಟೆ ಮಡಿಸುತ್ತಿದ್ದರು, ಇವನು ಹಾರೆ ಹಾಕಿ ಮೀಟಿ, ಹಗ್ಗ ಕಟ್ಟಿ ಜಗ್ಗಿ, ಗೂಟ ಕಿತ್ತ. ಎರೆಮಣ್ಣು ಒಣಗಿದಾಗ ಗೂಟವನ್ನು ಸುಲಭಕ್ಕೆ ಬಿಡುವುದಿಲ್ಲ. ಮೂಲೆಯ ಗೂಟವನ್ನು ಅವನು ಒಂದೇ ಸಮನೆ ಜಗ್ಗಿದಾಗ ಹಗ್ಗ ಜಾರಿತು. ಹಿಂದಕ್ಕೆ ಬಿದ್ದ. ಬಲ ಭುಜ ಕೀಲು ತಪ್ಪಿ, ಒಳಗೆ ಏನೋ ಹರಿದೂ ಹೋಯಿತು. ಆಸ್ಪತ್ರೆಯಲ್ಲಿ ಕೀಲು ಕೂರಿಸಿದರು. ಆದರೆ ಆ ಕೈ ಆಮೇಲೆ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ನನಗೆ ಗೊತ್ತಾದದ್ದು ಮರುದಿನ. ಓಡಿಹೋದೆ. ಹೇಳಿಬಿಡಬೇಕು ಅಂತಲೇ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು, “ನೋಡ್ರಿ ಅಣ್ಣ, ಕೊಕ್ಕೆ ಎಲ್ಲಿಟ್ರು ಅಂತ ಇವ್ರಿಗೇ ಗೊತ್ತಿಲ್ಲ. ಇಷ್ಟು ಮರೆವಾದ್ರೆ ಹೆಂಗೆ?” ಅಂದರು. ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಜಗಲಿಯಲ್ಲಿ ಅವನ ಗೋಣಿಚೀಲ ಇತ್ತು. ಯಾರೂ ನೋಡದಾಗ ಕೊಕ್ಕೆಯನ್ನು ಅದರ ತಳಕ್ಕೆ ಇಳಿಸಿಬಿಟ್ಟೆ. ನನ್ನ ಜೀವಮಾನದಲ್ಲಿ ನಗು ಬರದ ಕೀಟಲೆ ಅದೊಂದೇ.

ವಾರದ ಮೇಲೆ ಅವನೇ ನನಗೆ ಹೇಳಿದ. “ಚೀಲದಾಗೇ ಇತ್ತು ಮಾರಾಯ. ಎರಡು ಸಲ ಕೊಡವಿ ನೋಡಿದ್ದೆ. ಕಣ್ಣಿಗೆ ಬಿದ್ದಿಲ್ಲ. ವಯಸ್ಸಾತು ಕಾಣ್ತದೆ.”

ಅವತ್ತಿನಿಂದ ಅವನು ಪ್ರತಿ ಸಲ ಚೀಲವನ್ನು ಮೂರು ಸಲ ಖಾಲಿ ಮಾಡಿ ತುಂಬುವ ಅಭ್ಯಾಸ ಮಾಡಿಕೊಂಡ. ಅದನ್ನು ನೋಡುವುದು ಅವನ ಭುಜ ನೋಡುವುದಕ್ಕಿಂತ ಕಷ್ಟವಾಗುತ್ತಿತ್ತು.

ಆ ಹೊತ್ತಿಗೆ ನನ್ನ ಮೈಕ್‌ಸೆಟ್ಟಿನ ಕಾಲವೂ ಮುಗಿಯುತ್ತಾ ಬಂದಿತ್ತು. ಎದೆ ನಡುಗಿಸುವ ಕರಿ ಸ್ಪೀಕರ್ ಪೆಟ್ಟಿಗೆಗಳು ಬಂದಿದ್ದವು. ನಾನು ಹೋಗಿ, “ನಂದೂ ಕೆಲ್ಸ ಇಲ್ಲ, ನಿಂದೂ ಕೈ ಇಲ್ಲ. ಗೂಟ ನಾನ್ ಹೊಡಿತೀನಿ, ನೀ ಕುರ್ಚಿ ಮ್ಯಾಗ ಕೂತು ಯಜಮಾನಿಕೆ ಮಾಡು,” ಅಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. “ತಮಾಷೆ ಅಲ್ವಲ?” ಅಂತ ಕೇಳಿದ. ಅಲ್ಲ ಅಂದೆ. ಅವನ ಕಣ್ಣು ಒದ್ದೆಯಾಯಿತು. ಅಲ್ಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ನಾಲ್ಕು ವರ್ಷ ಗೂಟ ಹೊಡೆದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಆರು ತಿಂಗಳಲ್ಲಿ ನಾನು ಇಡೀ ಸೊರಬ ತಾಲ್ಲೂಕಿನಲ್ಲಿ ಎರಡನೇ ಒಳ್ಳೆಯ ಗೂಟಗಾರನಾಗಿದ್ದೆ. ಮೊದಲನೆಯವನು ಒಪ್ಪುತ್ತಿರಲಿಲ್ಲ. ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಬರೀ ಕಿವಿಯಿಂದ ಕೆಲಸ ಮಾಡಿಸುತ್ತಿದ್ದ.

“ಇನ್ನೊಂದು. ಹ್ಞೂಂ. ಇನ್ನೊಂದು. ಸಾಕು.”

“ಇನ್ನೊಂದ್ ಹಾಕ್ಲೇನು?”

“ಸಾಕು ಅಂದ್ನಲ. ನಿನ್ನ ಏಟಿನಾಗೆ ಭಾಷಣ ಜಾಸ್ತಿ.”

ಕೀಳುವಾಗ ಅವನು ಕುರ್ಚಿಯಿಂದ ಎದ್ದು ನನ್ನ ಪಕ್ಕ ಬಂದು ನಿಲ್ಲುತ್ತಿದ್ದ. ನಾನು ಅವಸರಕ್ಕೆ ಸೊಂಟ ಬಗ್ಗಿಸಿ ಎಳೆದರೆ ನನ್ನ ಬೆನ್ನಿಗೆ ಎಡಗೈಯಿಂದ ಒಂದು ಬಿಡುತ್ತಿದ್ದ. “ಎಮ್ಮೆ, ಎಮ್ಮೆ,” ಅನ್ನುತ್ತಿದ್ದ. ನೋಡುವವರಿಗೆ ಅವನು ನನ್ನನ್ನೇ ಎಮ್ಮೆ ಎಂದು ಬೈಯುತ್ತಿರುವ ಹಾಗೆ ಕಾಣುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ. ಕೆಲಸವಿಲ್ಲದ ದಿನ ಶಿರಾಳಕೊಪ್ಪದಲ್ಲಿ ಕೂತು ಎರಡೆರಡು ಚಹಾ ಕುಡಿದು, ಹೋಗುವ ಬರುವವರ ನಡಿಗೆಯನ್ನು ಅಣಕಿಸುತ್ತಿದ್ದೆವು. ಅಣಕಿಸುವುದು ನಾನು, ನಗುವುದು ಅವನು. ಅವನು ನಗುವಾಗ ಸದ್ದು ಬರುತ್ತಿರಲಿಲ್ಲ, ಬರೀ ಹೊಟ್ಟೆ ಕುಣಿಯುತ್ತಿತ್ತು. ಎಷ್ಟೋ ವಾರ ನಾನು ಅವನ ಭುಜವನ್ನೇ ಮರೆತಿದ್ದೆ. ಇವತ್ತು ನನ್ನ ನಿದ್ದೆ ಕೆಡಿಸುವುದು ಆ ದಿನಗಳ ನೆನಪೇ.

ನೋವಾಗುತ್ತಿದ್ದದ್ದು ಒಂದೇ. ಅವನು ಸಿಕ್ಕಸಿಕ್ಕವರ ಮುಂದೆ ನನ್ನನ್ನು ಹೊಗಳುತ್ತಿದ್ದ. “ಇಂವ ತನ್ನ ಕಸುಬು ಬಿಟ್ಟು ನನ್ನ ಕೈಯಾಗಿ ಬಂದಾನೆ. ಒಡಹುಟ್ಟಿದೋರು ಮಾಡಲ್ಲ ಕಣ್ರಿ,” ಅನ್ನುತ್ತಿದ್ದ. ತನ್ನ ಹೆಸರು ಮೈಕಿನಲ್ಲಿ ಬೇಡ ಅನ್ನುವವನು ನನ್ನ ಹೆಸರನ್ನು ಊರೆಲ್ಲ ಹೇಳಿಕೊಂಡು ಬಂದ.

ನಾಲ್ಕನೇ ವರ್ಷ ಬಂದಳಿಕೆಯ ಹತ್ತಿರ ಕುರಿಗಳಿಗೆ ಲಸಿಕೆ ಹಾಕುವ ಶಿಬಿರಕ್ಕೆ ಒಂದು ಸಣ್ಣ ಶಾಮಿಯಾನ ಹಾಕಬೇಕಿತ್ತು. ಬೆಳಗಿನ ಎಂಟು ಗಂಟೆ. ಕುರಿಯವರು ಆಗಲೇ ಮಂದೆ ಹೊಡೆದುಕೊಂಡು ಬಂದು ನೆರಳಿಗೆ ಕಾಯುತ್ತಿದ್ದರು. ಅವನು ಚೀಲವನ್ನು ಮೂರನೇ ಸಲ ಖಾಲಿ ಮಾಡುತ್ತಿದ್ದ. ಮಾಡುತ್ತಾ ಹೇಳಿದ.

“ಈ ಸಲದ್ದು ಮುಗಿದ್ಮೇಲೆ ಎಲ್ಲಾ ಕೊಟ್ಟುಬಿಡ್ತೆ ಮಾರಾಯ. ಬಟ್ಟೆ, ಕಂಬ, ಎಲ್ಲ.”

“ಯಾಕಪಾ? ನಾನಿಲ್ಲೇನು ಹೊಡಿಯಾಕ?”

“ಕೈದಲ್ಲ. ಕಣ್ಣಿಂದು. ಎದುರಿಗಿರೋ ಕೊಕ್ಕೆ ಕಾಣದ ಕಣ್ಣಿದು. ನಾಳೆ ಒಂದು ಹಗ್ಗ ಸಡ್ಲ ಇರದು ಕಾಣದೆ, ಚಪ್ರ ಯಾರ ಮೇಲಾದ್ರೂ ಬಿದ್ರೆ?”

ಕೈ ಹೋದರೂ ಬಿಡದ ಕಸುಬನ್ನು ಅವನು ನಾನು ಹೇಳದ ಒಂದು ಮಾತಿಗಾಗಿ ಬಿಡಲು ಹೊರಟಿದ್ದ. ನನ್ನ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟೆ.

“ನಿನ್ ಕಣ್ಣು ಸರಿ ಐತಿ,” ಅಂದೆ. “ಅವತ್ತು ಕೊಕ್ಕೆ ಚೀಲದಾಗ ಇರ್ಲಿಲ್ಲ. ನಾನೇ ಹಾರನ್ನಿನೊಳಗ ಇಟ್ಕೊಂಡು ಹೋಗಿದ್ದೆ.”

ಅವನ ಹೊಟ್ಟೆ ಕುಣಿಯಿತು. ನಗುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಕುರಿಯವನೂ ನಕ್ಕ. “ಬಿಡ್ರಿ, ಈ ಯಜಮಾನ್ರ ಮಾತು ಯಾರ್ ನಂಬ್ತಾರ?” ಅಂದ.

“ಖರೇ ಹೇಳ್ತೀನಿ. ಮರುದಿನ ನಿಮ್ಮನಿಗೆ ಬಂದಾಗ ಚೀಲದ ತಳದಾಗ ಇಟ್ಟೆ.”

“ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡ,” ಅಂದ ಅವನು, ಇನ್ನೂ ನಗುತ್ತಲೇ.

ನಲವತ್ತು ವರ್ಷ ಸುಳ್ಳನ್ನು ನಿಜವೆಂದು ನಂಬಿಸಿದವನಿಗೆ ಅವತ್ತು ಒಂದು ನಿಜವನ್ನು ನಂಬಿಸಲು ಆಗಲಿಲ್ಲ. ಮೂರನೇ ಸಲ ಹೇಳಿದೆ. ಹಾರನ್ನಿನ ಬಾಯಿಗೆ ಸುತ್ತಿದ ಬಟ್ಟೆ ಯಾವುದು, ನಾನು ಹೊರಡುವಾಗ ಅವನು ಯಾವ ಸಾಲಿನಲ್ಲಿ ಊಟಕ್ಕೆ ಕೂತಿದ್ದ, ಎಲ್ಲ ಹೇಳಿದೆ. ಅಷ್ಟರಲ್ಲಿ ನಾನು ನಗುತ್ತಿಲ್ಲ ಎಂಬುದು ಅವನಿಗೆ ಕಂಡಿತು. ಹೊಟ್ಟೆಯ ಕುಣಿತ ನಿಂತಿತು.

ಕುರಿಗಳ ಕಡೆ ಮುಖ ತಿರುಗಿಸಿದ. ಭುಜದ ಮಾತು ಎತ್ತುತ್ತಾನೆ ಎಂದುಕೊಂಡಿದ್ದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವನು ಕೇಳಿದ್ದು ಬೇರೆ.

“ಹಂಗಾರೆ ಈ ನಾಲ್ಕು ವರ್ಷ?”

“ಏನು?”

“ತಪ್ಪುಕಾಣಿಕೆ ಹಾಕ್ತಿದ್ಯ?”

ನಾನು ಕೊಡತಿಯ ಬಳೆಗೆ ಅಂಟಿದ್ದ ಮಣ್ಣು ಕೆರೆದೆ.

“ನಾ ಗೆಳೆತನ ಅಂದ್ಕಂಡಿದ್ದೆ,” ಅಂದ.

“ಮೊದ್ಲು ಮೊದ್ಲು ಹಂಗಿತ್ತು. ಆಮ್ಯಾಲ ಹಂಗಲ್ಲ,” ಅಂದೆ.

“ಯಾವಾಗ್ಲಿಂದ ಅಲ್ಲ? ಯಾವ ಊರಿನ ಚಪ್ರದಿಂದ? ಹೇಳು.”

ಹೇಳಲು ನನಗೆ ಗೊತ್ತಿದ್ದರೆ ತಾನೆ. ಅವನು ಎದ್ದು, ನಾನು ಕೆಳಗಿಟ್ಟ ಕೊಡತಿಯನ್ನು ಎಡಗೈಯಲ್ಲಿ ಎತ್ತಿಕೊಂಡ. “ಇನ್ನು ನೀ ಹೊಡಿಬ್ಯಾಡ,” ಅಂದ. ಅವತ್ತು ಆ ಶಾಮಿಯಾನದ ಹದಿನಾಲ್ಕು ಗೂಟವನ್ನೂ ಎಡಗೈಯಲ್ಲೇ ಹೊಡೆದ. ಅರ್ಧಕ್ಕರ್ಧ ಏಟುಗಳು ಜಾರುತ್ತಿದ್ದವು. ನಾನು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದ. ನಾನು ದೂರ ಸರಿದರೆ ಮತ್ತೆ ಶುರು. ಹೀಗಾಗಿ ನಾನು ಕುರಿಗಳ ಮಧ್ಯೆ ಹೋಗಿ ನಿಂತೆ.

ಒಂದು ಒಳ್ಳೆಯದಾಯಿತು. ಕಸುಬು ಬಿಡುವ ಮಾತು ಅವನು ಮತ್ತೆ ಆಡಲಿಲ್ಲ. ಚೀಲವನ್ನೂ ಒಂದೇ ಸಲ ನೋಡತೊಡಗಿದನಂತೆ. ಇದನ್ನು ನನಗೆ ಹೇಳಿದ್ದು ಅವನ ಹೆಂಡತಿ. ನನ್ನ ಜೊತೆ ಅವನು ಮಾತು ಬಿಟ್ಟಿದ್ದ. ಎರಡು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಆಕೆ ಶಿರಾಳಕೊಪ್ಪದ ಸಂತೆಯಲ್ಲಿ ಸಿಕ್ಕರು. ಬೈಯುತ್ತಾರೆ ಎಂದು ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದೆ. ಅಲ್ಲಿಗೇ ಬಂದರು.

“ಯಾಕ್ ಬರದು ಬಿಟ್ರಿ?”

“ಯಾವ್ ಮುಖ ಇಟ್ಕೊಂಡು ಬರ್ಲಿ ತಂಗಿ?”

“ಇರೋ ಮುಖ ಇಟ್ಕಂಡು ಬನ್ನಿ. ನೀವು ಮಾಡಿದ್ದಕ್ಕೆ ನನಗೂ ಸಿಟ್ಟೈತೆ, ಅದು ಬೇರೆ. ಆದ್ರೆ ನೀವು ಬರದು ಬಿಟ್ರೆ, ಬರೀ ತಪ್ಪುಕಾಣಿಕೆಗೇ ಬರ್ತಿದ್ದ ಅನ್ನೋ ಅವ್ರ ಮಾತು ಖರೇ ಆಗ್ತೈತೆ.”

ಇಷ್ಟು ಸರಳವಾದದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಮಾರನೇ ದಿನವೇ ಹೋದೆ. ಸೊರಬದ ಹತ್ತಿರ ಯಾರದೋ ಮನೆಯ ಅಂಗಳದಲ್ಲಿ ಅವನು ಎಡಗೈಯಲ್ಲಿ ಗೂಟ ಹೊಡೆಯುತ್ತಿದ್ದ. ನಾನು ಒಂದು ಕುರ್ಚಿ ಎಳೆದುಕೊಂಡು ದೂರ ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮುಂದಿನ ವಾರ ಮತ್ತೆ ಹೋಗಿ ಕೂತೆ. ಅದರ ಮುಂದಿನ ವಾರವೂ. ನಾನೊಬ್ಬನೇ ಮಾತಾಡುತ್ತಿದ್ದೆ, ಶಿಕಾರಿಪುರದ ಸುದ್ದಿಯನ್ನೆಲ್ಲ ಗಾಳಿಗೆ ಹೇಳುತ್ತಿದ್ದೆ. ನಾಲ್ಕನೇ ಸಲವೋ ಐದನೇ ಸಲವೋ ಅವನ ಬಾಯಿಂದ ಮೊದಲ ಮಾತು ಬಂತು.

“ನಿನ್ ಕುರ್ಚಿ ಹಗ್ಗದ ಮೇಲೈತೆ. ಸರಿ.”

ಸರಿದು ಕೂತೆ. ಆಮೇಲೆ ನಿಧಾನಕ್ಕೆ ಮಾತು ಬಂತು, ಶಿರಾಳಕೊಪ್ಪದ ಚಹಾ ಬಂತು, ಕೊನೆಗೆ ಒಂದು ದಿನ ಹೊಟ್ಟೆ ಕುಣಿಸುವ ನಗುವೂ ಬಂತು. ಬರದೇ ಉಳಿದದ್ದು ಒಂದು. ಅವನು ನನ್ನಿಂದ ಯಾವ ಕೆಲಸವನ್ನೂ ಮಾಡಿಸಿಕೊಳ್ಳಲಿಲ್ಲ. ಗೂಟ ಇರಲಿ, ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಕೊಡು ಅಂತಲೂ ಕೇಳಲಿಲ್ಲ. ನಾನು ಎತ್ತಿಕೊಟ್ಟರೆ ಅದನ್ನು ಕೆಳಗಿಟ್ಟು, ತಾನೇ ಮತ್ತೆ ಎತ್ತಿಕೊಂಡು ಕುಡಿಯುತ್ತಿದ್ದ. ಬಸ್ಸು ಹತ್ತುವಾಗ ಅಪರಿಚಿತರ ಕೈ ಹಿಡಿಯುತ್ತಿದ್ದ, ನನ್ನದು ಹಿಡಿಯುತ್ತಿರಲಿಲ್ಲ. ನಾನು ಏನು ಮಾಡಿದರೂ ಅದು ಹುಂಡಿಗೆ ಬಿದ್ದಂತೆ ಎಂದು ಅವನಿಗೆ ಅನಿಸುತ್ತಿತ್ತೇನೋ. ಎರಡು ವರ್ಷ ಹೀಗೇ ನಡೆಯಿತು. ಯಾವುದಾದರೂ ಒಂದು ಸಣ್ಣ ಕೆಲಸ ಹೇಳಲಿ ಎಂದು ಕಾಯುತ್ತಾ, ಎರಡು ತಾಲ್ಲೂಕು ನಗಿಸಿದ ನಾನು ಅವನ ಪಕ್ಕ ಸುಮ್ಮನೆ ಕೂತಿರುತ್ತಿದ್ದೆ.

ಈ ವರ್ಷ ಮಾಘದಲ್ಲಿ ಅವನು ಹಾಸಿಗೆ ಹಿಡಿದ. ಭುಜಕ್ಕೂ ಇದಕ್ಕೂ ಸಂಬಂಧವಿಲ್ಲ, ಶ್ವಾಸಕೋಶದ ತೊಂದರೆ ಅಂದರು ಡಾಕ್ಟರು. ನಾನು ದಿನ ಬಿಟ್ಟು ದಿನ ಸೊರಬದ ಬಸ್ಸು ಹತ್ತುತ್ತಿದ್ದೆ. ಒಂದು ಮಧ್ಯಾಹ್ನ ಹೋದಾಗ ಅವನ ಹೆಂಡತಿ ಔಷಧಿ ತರಲು ಅಂಗಡಿಗೆ ಹೋಗಿದ್ದರು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಡಗೈ ಬೆನ್ನ ಹಿಂದೆ ಬಂದು ಏನನ್ನೋ ಹುಡುಕುತ್ತಿತ್ತು. ಅರ್ಧ ದೂರ ಬಂದು ಸೋತು ಬೀಳುತ್ತಿತ್ತು.

“ಏನು ಬೇಕಾಗಿತ್ತು?” ಅಂದೆ.

“ಎಂತ ಇಲ್ಲ.”

ನಾನು ಸ್ಟೂಲು ಎಳೆದು ಕೂತೆ. ಅವನು ಬೆನ್ನನ್ನು ಮಂಚದ ಅಂಚಿಗೆ ಉಜ್ಜಿದ. ಅಂಚು ಆ ಜಾಗಕ್ಕೆ ಸಿಗಲಿಲ್ಲ. ಕೈ ಮತ್ತೊಮ್ಮೆ ಬಂತು, ಮತ್ತೊಮ್ಮೆ ಬಿತ್ತು. ನಾನು ಏಳಲಿಲ್ಲ. ಎದ್ದು ಹೋಗಿ ನಾನಾಗಿ ಮಾಡಿದರೆ ಅದೂ ಚೊಂಬಿನ ನೀರಿನ ಹಾಗೇ ಆಗುತ್ತದೆ ಎಂದು ಗೊತ್ತಿತ್ತು. ಹಲ್ಲು ಕಚ್ಚಿ ಕೂತೆ. ಹೊರಗೆ ಯಾರೋ ಬೈಕು ನಿಲ್ಲಿಸಿ ಹೋದರು.

“ಏಯ್,” ಅಂದ, ಗೋಡೆಗೇ ಹೇಳುವವನಂತೆ.

“ಏನಪಾ?”

“ಬೆನ್ನು ತುರಿಸ್ತೈತೆ. ಇಕಿ ಬರದು ತಡ.”

ನಾನು ಎದ್ದು ಮಂಚದ ಹತ್ತಿರ ಹೋದೆ. ಕೈ ಚಾಚಿದೆ.

“ತಡಿ,” ಅಂದ. “ಇದು ಕಾಣಿಕೆ ಅಲ್ಲ ತಾನೆ?”

ಇಂಥ ಪ್ರಶ್ನೆಗೆ ನನ್ನ ಹತ್ತಿರ ಒಂದು ಚಟಾಕಿ ಯಾವಾಗಲೂ ಸಿದ್ಧವಿರುತ್ತದೆ. ಅವತ್ತು ಇರಲಿಲ್ಲ.

“ಅಲ್ಲ,” ಅಂದೆ.

ಅವನು ಆ ಒಂದು ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಎಡಗೈಯಿಂದ ಬನಿಯನ್ನನ್ನು ಮೇಲೆ ಎಳೆದುಕೊಂಡ. ಬೆನ್ನು ತೀರಾ ಬಡವಾಗಿತ್ತು. ನನ್ನ ಬೆರಳುಗಳಿಗೆ ಕಚಗುಳಿ ಇಡುವ ಚಾಳಿ, ಅವು ಹಗುರವಾಗಿ ಓಡಾಡಿದವು.

“ಅಲ್ಲಲ್ಲ, ಬಲಗಡೆ. ಹೆಗಲ ರೆಕ್ಕೆ ಕೆಳಗೆ,” ಅಂದ. “ಉಗುರು ಹಾಕು ಮಾರಾಯ. ಸವರಬ್ಯಾಡ.”